ಕಾಲೇಜಿಗೆ ನಡೆದು ಬರುವವರಿಗೆ ದಾರಿ

ಪ್ರಶ್ನೆ: ನಮ್ಮ ಕಾಲೇಜು ಬೆಂಗಳೂರಿನ ಮುಖ್ಯರಸ್ತೆಯಲ್ಲಿದೆ. ಮೆಟ್ರೋ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಫುಟ್‌ಪಾತ್ ಇದ್ದರೂ ಮಕ್ಕಳು ರಸ್ತೆಯಲ್ಲೇ ನಡೆಯುತ್ತಾರೆ. ಸೈಕಲ್ ಲೇನ್ ಕೇಳಿ ಅರ್ಜಿ ಕೊಡಬೇಕೆಂದಿದ್ದೇವೆ. ಏನೇನು ಬರೆಯಬೇಕು?
– ಉಪನ್ಯಾಸಕಿ, ಬೆಂಗಳೂರು

ಉತ್ತರ: ಅರ್ಜಿ ಆಮೇಲೆ ಬರೆಯಿರಿ ಮೇಡಂ, ಮೊದಲು ನಿಮ್ಮ ಗೇಟನ್ನೇ ನೋಡಿ. ಬೆಳಿಗ್ಗೆ ಸೆಕ್ಯುರಿಟಿಯವರು ಒಂದು ಕಾರು ತಡೆದು ಐಡಿ ಕಾರ್ಡ್ ನೋಡುವಾಗ ಹಿಂದಿನ ಕಾರು ಫುಟ್‌ಪಾತಿಗೆ ಅಡ್ಡ ನಿಂತಿರುತ್ತದೆ. ನಡೆಯುವವರು ಆ ಕಾರನ್ನು ಸುತ್ತಿ ಹೋಗಲು ರಸ್ತೆಗಿಳಿಯಲೇಬೇಕು. ತಪಾಸಣೆಯನ್ನು 15 ಮೀಟರ್ ಒಳಕ್ಕೆ ಸರಿಸಿದರೆ ಎರಡು ಮೂರು ಕಾರು ಕಾಂಪೌಂಡಿನೊಳಗೇ ನಿಲ್ಲುತ್ತವೆ. ನಡೆಯುವವರಿಗೂ ಸೈಕಲ್‌ನವರಿಗೂ ಪಕ್ಕದಲ್ಲಿ ಒಂದೂವರೆ ಮೀಟರಿನ ಬೇರೆ ಗೇಟು ಕೊಡಿ. ಹಿಂದಿನ ಗೇಟಿಗೆ ಬೀಗ ಬಿದ್ದಿದ್ದರೆ ಕಾಲೇಜು ಶುರುವಾಗುವ, ಬಿಡುವ ಹೊತ್ತಿಗಾದರೂ ತೆಗೆಸಿ. ಒಳರಸ್ತೆಯಲ್ಲಿ ಬರಬಹುದಾದವರನ್ನೂ ಆ ಬೀಗ ಮುಖ್ಯರಸ್ತೆಗೆ ತಳ್ಳುತ್ತದೆ.

ನಂತರ ಟೇಪು ಹಿಡಿದು ಫುಟ್‌ಪಾತ್ ಅಳೆಯಿರಿ. ಟ್ರಾನ್ಸ್‌ಫಾರ್ಮರ್, ಮರ, ಅಂಗಡಿ ಬೋರ್ಡು ಕಳೆದು ಉಳಿಯುವ ಜಾಗವೇ ಲೆಕ್ಕ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 103 ಪ್ರಕಾರ ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕು, ಎತ್ತರ 15 ಸೆಂ.ಮೀ. ಮೀರಬಾರದು. ಚರಂಡಿ ಚಪ್ಪಡಿ ಮೇಲೆ ಒಂದಡಿ ಎತ್ತರಕ್ಕೆ ಕಟ್ಟಿ, ಮನೆಮನೆ ಗೇಟಿಗೂ ಇಳಿಸಿ ಹತ್ತಿಸುವ ಫುಟ್‌ಪಾತನ್ನು ಜನ ಬಿಟ್ಟು ನಡೆದರೆ ಅದು ಮಕ್ಕಳ ಅಶಿಸ್ತಲ್ಲ. ಗೇಟುಗಳ ಮುಂದೆಯೂ ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಲಿ, ಕಾರು ಹತ್ತಿ ಇಳಿಯಲಿ.

ಬರೀ ಬಣ್ಣ ಬಳಿದ ಸೈಕಲ್ ಲೇನ್ ಕೇಳಬೇಡಿ, ಅದು ಆಟೋ ಸ್ಟ್ಯಾಂಡ್ ಆಗುತ್ತದೆ. ಎರಡು ಮೀಟರ್ ಅಗಲ, ಜೊತೆಗೆ ಗಟ್ಟಿ ತಡೆ ಸಾಧ್ಯವಿಲ್ಲದಿದ್ದರೆ ವಾಹನಗಳ ವೇಗ ತಗ್ಗಿಸುವುದೇ ಮೇಲು. ಗೇಟಿನೆದುರು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಕ್ರಾಸಿಂಗ್ ಕೇಳಿ: ಮೇಲೆ ಮೂರು ನಾಲ್ಕು ಮೀಟರ್ ಸಮತಟ್ಟು, ಎರಡೂ ಕಡೆ ಒಂದೂವರೆ ಮೀಟರ್ ಇಳಿಜಾರು. ಇಲ್ಲಿ ಕಂಟ್ರಾಕ್ಟರು ಮರೆಯುವುದು ನೀರನ್ನು. ಅಂಚಿನಲ್ಲಿ ಚರಂಡಿಗೆ ದಾರಿ ಬಿಟ್ಟು ಜಾಲರಿ ಮುಚ್ಚದಿದ್ದರೆ ಮೊದಲ ಮಳೆಗೇ ಕೆರೆ. ಜಾಲರಿಯ ಕಂಬಿಗಳು ರಸ್ತೆಗೆ ಅಡ್ಡಡ್ಡ ಇರಲಿ. ಉದ್ದುದ್ದ ಇಟ್ಟರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತದೆ.

ಫುಟ್‌ಪಾತಿನ ತುದಿಯಲ್ಲಿ ಗಿಡ್ಡ ಕಂಬ ನೆಟ್ಟರೆ ಬೈಕ್ ಹತ್ತುವುದು ನಿಲ್ಲುತ್ತದೆಂದು ಎಣಿಸಬೇಡಿ. ಕಂಬಗಳ ನಡುವೆ ಗಾಲಿಕುರ್ಚಿಗೆ ಬೇಕಾದ 90 ಸೆಂ.ಮೀ. ಜಾಗ ಬಿಟ್ಟರೆ ಸ್ಕೂಟರ್ ಕೂಡ ನುಸುಳುತ್ತದೆ, ಅಲ್ಲಿಗೆ ಪೊಲೀಸರೇ ಬೇಕು.

ಒಳಗೆ ಸೈಕಲ್ ನಿಲ್ಲಿಸಲು ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಸ್ಟ್ಯಾಂಡ್ ಬೇಡ, ರಿಮ್ ಸೊಟ್ಟಗಾಗುತ್ತದೆ. ತಲೆಕೆಳಗಾದ ಯು ಆಕಾರದ ಪೈಪು, ಮುಕ್ಕಾಲು ಮೀಟರ್ ಎತ್ತರ, ಒಂದೊಂದರ ನಡುವೆ ಒಂದು ಮೀಟರ್. ಒಂದಕ್ಕೆ ಎರಡು ಸೈಕಲ್, ಫ್ರೇಮಿಗೇ ಬೀಗ. ಕಾವಲುಗಾರನ ಕಣ್ಣಳತೆಯಲ್ಲಿರಲಿ.

ಅರ್ಜಿ ಎರಡು ಮಾಡಿ: ಫುಟ್‌ಪಾತ್, ಕ್ರಾಸಿಂಗ್ ಕಾಮಗಾರಿಗೆ ಪಾಲಿಕೆಯ ವಾರ್ಡ್ ಎಂಜಿನಿಯರಿಗೆ, ಸಿಗ್ನಲ್ ಹಾಗೂ ಪಾರ್ಕಿಂಗ್‌ಗೆ ಸಂಚಾರ ಪೊಲೀಸರಿಗೆ. ಟೇಪಿನ ಅಂಕಿ ಕಾಣುವಂತೆ ಫೋಟೋ ಲಗತ್ತಿಸಿ.