ಕೆಳಗಿನ ಕೊನೆಯ ಎರಡು ದವಡೆ ಹಲ್ಲು ಹೋಗಿದೆ, ಕಟ್ಟಿಸಲೇಬೇಕಾ?

ಮಂಡ್ಯದ ಡಾಕ್ಟರು ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಲೋಹದ ಬೇರು) ಹಾಕಿಸಲೇಬೇಕು ಅಂದರು, ಮೈಸೂರಿನವರು ಹಾಗೇ ಬಿಡಿ ಅಂದರು, ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ. ನಿಮ್ಮ ತಾಯಿಗೆ 58 ವರ್ಷ, ಬಲಗಡೆ ಕೆಳಗಿನ ಕೊನೆಯ ಎರಡು ಹಲ್ಲು ಕೀಳಿಸಿ ಮೂರು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ, ಎಲೆ ಅಡಿಕೆ. ಇಬ್ಬರಲ್ಲಿ ಒಬ್ಬರು ಮೋಸ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ, ದಂತವೈದ್ಯರಲ್ಲೇ ಈ ವಿಷಯಕ್ಕೆ ಎರಡು ಪಂಗಡ ಇದೆ.

ಹೋದ ಹಲ್ಲನ್ನೆಲ್ಲ ಕಟ್ಟಲೇಬೇಕು ಅನ್ನೋದು ಹಳೇ ಪಾಠ. 1981ರಲ್ಲಿ ನೆದರ್ಲೆಂಡ್ಸ್‌ನ ದಂತವೈದ್ಯ ಕೈಸರ್ ಬೇರೆ ವಾದ ಮುಂದಿಟ್ಟರು: ಮುಂದಿನ 12 ಹಲ್ಲು, ಅವುಗಳ ಹಿಂದಿನ 8 ಚಿಕ್ಕ ದವಡೆ ಹಲ್ಲು ಗಟ್ಟಿಯಾಗಿದ್ದು ಮೇಲೆ ಕೆಳಗೆ ಸರಿಯಾಗಿ ಕೂತರೆ ವಯಸ್ಸಾದವರಿಗೆ ಅಗಿಯಲು ಅಷ್ಟು ಸಾಕು. ಕಾಲೇಜಿನಲ್ಲಿ ಇದನ್ನು ಓದಿದವರೂ ಕ್ಲಿನಿಕ್ಕಿನಲ್ಲಿ ಅಷ್ಟಾಗಿ ಪಾಲಿಸಲ್ಲ. ಖಾಲಿ ಜಾಗ ಕಂಡರೆ ತುಂಬಿಸೋಣ ಅನಿಸುತ್ತೆ, ಪೇಷೆಂಟೂ ಅದನ್ನೇ ಕೇಳುತ್ತಾರೆ, ದುಡ್ಡಿನ ಲೆಕ್ಕವೂ ಇಲ್ಲ ಅನ್ನಲಾಗದು. (ಮುದ್ದೆಯನ್ನಂತೂ ನುಂಗುವುದೇ ಹೊರತು ಅಗಿಯುವುದಿಲ್ಲ. ಕಷ್ಟ ಗೊತ್ತಾಗುವುದು ನಾಟಿಕೋಳಿ, ಚಕ್ಕುಲಿ, ಕಬ್ಬಿಗೆ.)

ನಾನಾದರೆ ಮೊದಲು ನೋಡುವುದು ಖಾಲಿ ಜಾಗವನ್ನಲ್ಲ, ಅದರ ಎದುರಿಗಿರುವ ಮೇಲಿನ ಹಲ್ಲನ್ನು. ಕೆಳಗೆ ತಡೆ ಇಲ್ಲದಿದ್ದರೆ ಅದು ವರ್ಷಗಟ್ಟಲೆ ನಿಧಾನಕ್ಕೆ ಕೆಳಗೆ ಇಳಿಯುತ್ತೆ. ಇಂಪ್ಲಾಂಟಿನ ತಲೆಯಿಂದ ಎದುರು ಹಲ್ಲಿಗೆ ಸುಮಾರು 7-8 ಮಿ.ಮೀ. ಇದ್ದರೆ ಕ್ಯಾಪ್ ಆರಾಮಾಗಿ ಕೂರುತ್ತೆ. ಇಲ್ಲದಿದ್ದರೆ ಮೇಲಿನ ಹಲ್ಲನ್ನು ತೇಯಬೇಕು, ಕೆಲವೊಮ್ಮೆ ಅದಕ್ಕೇ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು. ಎಸ್ಟಿಮೇಟಿನಲ್ಲಿ ಈ ಖರ್ಚು ಸೇರಿದೆಯಾ ಕೇಳಿ.

ಹಿಂದೆ ಆಸರೆಗೆ ಹಲ್ಲಿಲ್ಲ, ಹಾಗಾಗಿ ಬ್ರಿಡ್ಜ್ (ಎರಡೂ ಬದಿಯ ಹಲ್ಲಿಗೆ ಕ್ಯಾಪ್ ಹಾಕಿ ನಡುವೆ ಕಟ್ಟುವ ಹಲ್ಲು) ಆಗಲ್ಲ. ಮುಂದಿನ ಚಿಕ್ಕ ಹಲ್ಲಿಗೆ ದೊಡ್ಡ ದವಡೆ ಹಲ್ಲನ್ನು ನೇತುಹಾಕುತ್ತೇವೆ ಅಂದರೆ ಒಪ್ಪಬೇಡಿ, ಕ್ಯಾಪ್ ಸಡಿಲವಾಗುತ್ತೆ ಅಥವಾ ಆ ಹಲ್ಲಿನ ಬೇರೇ ಸೀಳುತ್ತೆ. ತೆಗೆದು ಹಾಕುವ ಸೆಟ್ಟೂ ಅಷ್ಟಕ್ಕಷ್ಟೇ. ಅದರ ಹಿಂಭಾಗ ಕೂರುವುದು ಮೆತ್ತನೆ ವಸಡಿನ ಮೇಲೆ, ಅಗಿದಾಗೆಲ್ಲ ಅಲ್ಲಾಡಿ ಹಿಡಿದುಕೊಂಡ ಹಲ್ಲನ್ನು ಎಳೆಯುತ್ತೆ. ಹಿಡಿತಕ್ಕಾಗಿ ನಾಲಿಗೆಯ ಕೆಳಗಿಂದ ಎಡಗಡೆಗೂ ಪಟ್ಟಿ ಹಾಯಿಸಬೇಕು. ಎರಡು ಹಲ್ಲಿಗೆ ಅಷ್ಟು ತೊಂದರೆ ಯಾಕೆ ಎಂದು ಬಹಳ ಜನ ಅದನ್ನು ಡಬ್ಬಿಯಲ್ಲೇ ಇಟ್ಟುಬಿಡುತ್ತಾರೆ. ಬಲಗಡೆಗೆ ಮಾತ್ರ ಚಿಕ್ಕ ಸೆಟ್ ಬೇಡವೇ ಬೇಡ, ಜಾರಿ ಗಂಟಲಿಗೆ ಹೋಗಬಹುದು.

ಉಳಿದದ್ದು ಇಂಪ್ಲಾಂಟ್. ಕೆಳದವಡೆಯೊಳಗೆ ನರ ಹಾದುಹೋಗುತ್ತೆ, ಅದಕ್ಕೂ ಇಂಪ್ಲಾಂಟಿಗೂ 2 ಮಿ.ಮೀ. ಅಂತರ ಇರಲೇಬೇಕು. 8 ಮಿ.ಮೀ. ಉದ್ದದ್ದು ಹಾಕಲು ಮೂಳೆ 10 ಮಿ.ಮೀ. ಎತ್ತರ ಇರಬೇಕು, ಅಗಲ 6-7. ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಮೂಳೆಯ ಅಗಲ ಬಹಳ ಕರಗುತ್ತೆ. ಇದನ್ನು ಸಿಬಿಸಿಟಿ (ದವಡೆಯ 3ಡಿ) ಸ್ಕ್ಯಾನಿನಲ್ಲಿ ಅಳೆಯಬೇಕು, ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ಓಪಿಜಿ ಎಕ್ಸ್‌ರೇಯಲ್ಲಿ ಅಗಲ ಕಾಣಲ್ಲ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 8ಕ್ಕಿಂತ ಮೇಲಿದ್ದರೆ ಮೊದಲು ಸಕ್ಕರೆ ಇಳಿಸಿ. ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಅಡಿಕೆಯಿಂದ ಕೆನ್ನೆ ಬಿಗಿದು ಬಾಯಿ ಮೂರು ಬೆರಳಷ್ಟೂ ತೆರೆಯದಿದ್ದರೆ ಡ್ರಿಲ್ ಹಿಂದಕ್ಕೆ ಹೋಗುವುದೇ ಕಷ್ಟ. ಆಗ ಮೊದಲು ಆ ಬಿಗಿತವನ್ನೇ ತೋರಿಸಬೇಕು, ಅದು ಕ್ಯಾನ್ಸರ್‌ಗೆ ತಿರುಗುವ ಅಪಾಯವಿದೆ.

ಎಡಗಡೆ ಪೂರ್ತಿ ಇದ್ದು, ಬಲಗಡೆಯ ಚಿಕ್ಕ ದವಡೆ ಹಲ್ಲುಗಳು ಅಲ್ಲಾಡದೆ ಕೂತಿದ್ದು, ಊಟಕ್ಕೆ ತೊಂದರೆ ಇಲ್ಲ ಅಂದರೆ ನಾನು ಮೈಸೂರಿನವರ ಕಡೆ. ವಸಡಿನ ರೋಗದಿಂದ ಉಳಿದ ಹಲ್ಲು ಸಡಿಲವಾಗಿದ್ದರೆ ಈ ಮಾತು ನಡೆಯಲ್ಲ: ಮೊದಲು ವಸಡಿನ ಚಿಕಿತ್ಸೆ, ಆಮೇಲೆ ಹಿಂದಿನ ಹಲ್ಲಿನ ಯೋಚನೆ. ಇನ್ನೊಂದು ಅಭಿಪ್ರಾಯ ಬೇಕಿದ್ದರೆ ಮೈಸೂರಿನ ಜೆಎಸ್‌ಎಸ್ ಅಥವಾ ಫಾರೂಕಿಯಾ ದಂತ ಕಾಲೇಜಿನ ಪ್ರಾಸ್ಥೊಡಾಂಟಿಕ್ಸ್ (ಹಲ್ಲು ಕಟ್ಟುವ) ವಿಭಾಗಕ್ಕೆ ಹೋಗಿ.

ಕಟ್ಟಿಸದೆ ಬಿಟ್ಟರೆ ಆರು ತಿಂಗಳಿಗೊಮ್ಮೆ ಮೇಲಿನ ಹಲ್ಲು ಎಷ್ಟು ಇಳಿದಿದೆ ಎಂದು ನೋಡಿಸಿ. ಹಲ್ಲು ಕಚ್ಚಿದಾಗ ಅದು ಕೆಳಗಿನ ವಸಡಿಗೆ ತಾಗುವ ಮೊದಲೇ ಹೋಗಿ.