ಹೋಂ ನರ್ಸ್ ಕೈಯಲ್ಲಿ ಮಾತ್ರೆ, ಇನ್ಸುಲಿನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮ್ಮನಿಗೆ 78 ವರ್ಷ. ಬಿಪಿ, ಶುಗರ್, ಥೈರಾಯ್ಡ್ ಎಲ್ಲಾ ಇದೆ. ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ಏಜೆನ್ಸಿಯಿಂದ ಒಬ್ಬರನ್ನು ಇಟ್ಟುಕೊಂಡಿದ್ದೇವೆ. ಅವರು ನರ್ಸಿಂಗ್ ಓದಿದವರಲ್ಲ. ಔಷಧಿಯ ವಿಷಯದಲ್ಲಿ ಅವರಿಗೆ ಎಷ್ಟು ಬಿಡಬಹುದು? (ಮೈಸೂರು)

ಉತ್ತರ: ಬರೆದುಕೊಟ್ಟ ಮಾತ್ರೆಯನ್ನು ಬರೆದ ಹೊತ್ತಿಗೆ ಕೊಟ್ಟು, ನುಂಗಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಗುರುತು ಹಾಕುವುದು ಅವರ ಕೆಲಸ. ‘ಇವತ್ತು ಬಿಪಿ ಕಮ್ಮಿ ಇದೆ, ಮಾತ್ರೆ ಬೇಡ’ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಅಂಥ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದು ಮೊದಲೇ ಗೊತ್ತಿರಬೇಕು.

ಎಡವಟ್ಟು ಎಷ್ಟೋ ಸಲ ಮನೆಯವರಿಂದಲೇ ಶುರುವಾಗುತ್ತದೆ. ಆಫೀಸಿನಿಂದ ಫೋನ್ ಮಾಡಿ ‘ಆ ಬಿಳಿ ಚಿಕ್ಕ ಮಾತ್ರೆ ಕೊಟ್ಟುಬಿಡಿ’ ಎನ್ನುತ್ತೇವೆ. ಡಬ್ಬಿಯಲ್ಲಿ ಬಿಳಿ ಚಿಕ್ಕ ಮಾತ್ರೆ ಮೂರು ಥರದ್ದು ಇರುತ್ತವೆ. ಒಂದೇ ಹಾಳೆಯಲ್ಲಿ ಬ್ರ್ಯಾಂಡ್ ಹೆಸರು, ಒಳಗಿರುವ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವುದಕ್ಕೆ, ಎಷ್ಟು ಗಂಟೆಗೆ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಬರೆದು ಗೋಡೆಗೆ ಅಂಟಿಸಿ. ನೋಡಿಕೊಳ್ಳುವವರು ಓದುವುದು ಹಿಂದಿಯೋ ಮಲಯಾಳವೋ ಆದರೆ ಆ ಭಾಷೆಯಲ್ಲೇ ಬರೆಸಿ. ಮೆಡಿಕಲ್ ಶಾಪಿನವರು ಬೇರೆ ಬ್ರ್ಯಾಂಡ್ ಕೊಟ್ಟ ದಿನ ಹಳೇ ಸ್ಟ್ರಿಪ್ ತೆಗೆದಿಡಿ. ಇಲ್ಲದಿದ್ದರೆ ಬಿಪಿಗೆ ಕೊಡುವ ಒಂದೇ ಟೆಲ್ಮಿಸಾರ್ಟನ್ ಎರಡು ಹೆಸರಲ್ಲಿ ಹೊಟ್ಟೆಗೆ ಹೋಗುತ್ತದೆ. ಸ್ಟ್ರಿಪ್ ಕತ್ತರಿಸುವಾಗ ಹೆಸರು ಮತ್ತು ಎಕ್ಸ್‌ಪೈರಿ ಇರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಿ.

ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಫಿಲ್ಟರ್ ಕಾಫಿ ಅರ್ಧದಿಂದ ಒಂದು ಗಂಟೆ ಕಾಯಲಿ. ಕ್ಯಾಲ್ಸಿಯಂ, ಐರನ್ ಮಾತ್ರೆಗಳಿಗೂ ಅದಕ್ಕೂ 4 ಗಂಟೆ ಅಂತರವಿರಲಿ.

ಪ್ರಶ್ನೆ: ಇನ್ಸುಲಿನ್ ಪೆನ್ ಕೆಟ್ಟಿದೆ. ಕಾರ್ಟ್ರಿಜ್‌ನಿಂದ (ಪೆನ್ನೊಳಗೆ ಕೂರಿಸುವ ಇನ್ಸುಲಿನ್ ಕೊಳವೆ) ಸಿರಿಂಜಿಗೆ ಎಳೆದು ಕೊಡಲೇ ಎಂದು ನಮ್ಮ ಹೋಂ ನರ್ಸ್ ಕೇಳುತ್ತಿದ್ದಾರೆ. ಕೊಡಬಹುದೇ? (ದಾವಣಗೆರೆ)

ಉತ್ತರ: ಬೇಡ. ನಮ್ಮಲ್ಲಿ ಸಿಗುವ ಬಾಟಲಿ ಇನ್ಸುಲಿನ್‌ನಲ್ಲಿ ಹೆಚ್ಚಿನವು 1 ಮಿಲಿಗೆ 40 ಯೂನಿಟ್. ಕಾರ್ಟ್ರಿಜ್‌ನಲ್ಲಿರುವುದು ಸಾಮಾನ್ಯವಾಗಿ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜು 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಅರ್ಧ ಮಿಲಿ. ಕಾರ್ಟ್ರಿಜ್‌ನ ಅರ್ಧ ಮಿಲಿಯಲ್ಲಿ 50 ಯೂನಿಟ್ ಇರುತ್ತದೆ. ಅಂದರೆ ಎರಡೂವರೆ ಪಟ್ಟು. ಇದು ಜೀವಕ್ಕೇ ಅಪಾಯ. ತಿರುಗುಮುರುಗಾಗಿ ಕಿತ್ತಳೆ ಸಿರಿಂಜಿನಲ್ಲಿ 40ರ ಬಾಟಲಿಯಿಂದ 20ರ ಗೆರೆವರೆಗೆ ಎಳೆದರೆ ಸಿಗುವುದು 8 ಯೂನಿಟ್ ಮಾತ್ರ, ಶುಗರ್ ಏರುತ್ತಲೇ ಹೋಗುತ್ತದೆ. 100ರ ಬಾಟಲಿಗಳೂ ಇವೆ; ಹಾಗಾಗಿ ಮುಚ್ಚಳದ ಬಣ್ಣವನ್ನಷ್ಟೇ ನಂಬದೆ ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಪ್ರತಿ ಸಲ ಜೋಡಿಸಿ ಓದಲಿ. ಪೆನ್ ಬರುವವರೆಗೆ ಏನು ಮಾಡಬೇಕೆಂದು ಡಾಕ್ಟರನ್ನು ಇವತ್ತೇ ಕೇಳಿ.

ಹೊಸ ಪೆನ್ ಬಂದಮೇಲೆ: ಹಾಲಿನ ಬಣ್ಣದ ಇನ್ಸುಲಿನ್ ಆದರೆ ಅಂಗೈಗಳ ನಡುವೆ 10 ಸಲ ಹೊರಳಿಸಿ, 10 ಸಲ ಮೇಲೆ ಕೆಳಗೆ ಮಾಡಲಿ; ಕುಲುಕಬಾರದು, ಗುಳ್ಳೆ ಏಳುತ್ತದೆ. ಪ್ರತಿ ಸಲ 2 ಯೂನಿಟ್ ಹೊರಗೆ ಬಿಟ್ಟು ಸೂಜಿತುದಿಯಲ್ಲಿ ಹನಿ ಕಂಡಮೇಲೆ ಡೋಸ್ ತಿರುಗಿಸಲಿ. ಚುಚ್ಚಿ ಬಟನ್ ಒತ್ತಿ, ಹತ್ತು ಎಣಿಸಿ ಸೂಜಿ ತೆಗೆಯಲಿ. ನರ್ಸಿಂಗ್ ಓದಿದ ನರ್ಸ್ ಒಬ್ಬರು ಹೇಳಿಕೊಟ್ಟು, ಹೋಂ ನರ್ಸ್ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡುವವರೆಗೆ ಒಬ್ಬರೇ ಕೊಡುವುದು ಬೇಡ. ಅಡುಗೆ ಆಗುವ ಮುಂಚೆ ಚುಚ್ಚಬಾರದು. ವಾಂತಿಯಾಗಿದ್ದರೆ, ಊಟ ಬೇಡವೆಂದರೆ ಮೊದಲು ಫೋನ್.

ಬೆವರು, ನಡುಕ, ಅಸಂಬದ್ಧ ಮಾತು ಕಂಡರೆ ಶುಗರ್ ನೋಡಲಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಲಿ.

ಪ್ರಶ್ನೆ: ಸ್ಟ್ರೋಕ್ ಆದ ಅಪ್ಪನಿಗೆ ಮೂಗಿನ ಟ್ಯೂಬ್ ಹಾಕಿದ್ದಾರೆ. ನೋಡಿಕೊಳ್ಳುವವರು ಮಾತ್ರೆಗಳನ್ನೆಲ್ಲ ಒಟ್ಟಿಗೆ ಕುಟ್ಟಿ ರಾಗಿ ಗಂಜಿಗೆ ಬೆರೆಸುತ್ತಾರೆ. ತೊಂದರೆ ಇದೆಯೇ? (ತುಮಕೂರು)

ಉತ್ತರ: ಇದೆ. ಗಂಜಿ ಅರ್ಧಕ್ಕೆ ನಿಂತರೆ ಎಷ್ಟು ಮಾತ್ರೆ ಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ, ಟ್ಯೂಬೂ ಕಟ್ಟಿಕೊಳ್ಳುತ್ತದೆ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಎಲ್, ಸಿಆರ್, ಇಆರ್ ಎಂದಿರುವ ಮಾತ್ರೆ ನಿಧಾನಕ್ಕೆ ಕರಗಲೆಂದೇ ಮಾಡಿದ್ದು. ಕುಟ್ಟಿದರೆ ಇಡೀ ದಿನದ ಔಷಧ ಒಮ್ಮೆಗೇ ರಕ್ತ ಸೇರುತ್ತದೆ. ಅಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆಯ ಹೊರಪದರ ಒಡೆದರೆ ಹೊಟ್ಟೆಯ ಆಮ್ಲವೇ ಅದನ್ನು ಕೆಡಿಸುತ್ತದೆ. ಚೀಟಿ ತೆಗೆದುಕೊಂಡು ಹೋಗಿ ಸಿರಪ್ ಅಥವಾ ಬೇರೆ ರೂಪ ಇದೆಯೇ ಎಂದು ಡಾಕ್ಟರನ್ನು ಕೇಳಿ.

ಪುಡಿ ಮಾಡಬಹುದಾದವನ್ನು ಒಂದೊಂದಾಗಿ ನುಣ್ಣಗೆ ಮಾಡಿ, ನೀರಿನಲ್ಲಿ ಕದಡಿ ಕೊಡಬೇಕು. ಅದಕ್ಕೆ ಮುಂಚೆ ಮೂಗಿನ ಬಳಿ ಟ್ಯೂಬಿನ ಮೇಲಿನ ಗುರುತು ಸರಿದಿದೆಯೇ ನೋಡಿ. ಸರಿದಿದ್ದರೆ ನೀರನ್ನೂ ಬಿಡಬೇಡಿ. ತಲೆಕಡೆ 30ರಿಂದ 45 ಡಿಗ್ರಿ ಎತ್ತರಿಸಿರಲಿ. ಮೊದಲು ಮತ್ತು ಕೊನೆಗೆ 15ರಿಂದ 30 ಮಿಲಿ ನೀರು, ಎರಡು ಔಷಧಗಳ ನಡುವೆಯೂ ಸ್ವಲ್ಪ. ನೀರಿಗೆ ಮಿತಿ ಹೇಳಿದ್ದರೆ ಡಾಕ್ಟರಿಂದ ಅಳತೆ ಬರೆಸಿಕೊಳ್ಳಿ. ಫಿಟ್ಸ್‌ಗೆ ಫೆನಿಟೋಯಿನ್ ಇದ್ದರೆ ಗಂಜಿಗೂ ಅದಕ್ಕೂ ಎಷ್ಟು ಅಂತರ ಎಂದು ಕೇಳಲೇಬೇಕು, ಒಟ್ಟಿಗೆ ಹೋದರೆ ಮೈಗೆ ಹತ್ತುವುದು ಕಮ್ಮಿ.

ಪ್ರಶ್ನೆ: ಒಂದು ಹೊತ್ತಿನ ಮಾತ್ರೆ ಮರೆತರೆ? (ಶಿರಸಿ)

ಉತ್ತರ: ಮುಂದಿನ ಹೊತ್ತಿಗೆ ಎರಡು ಕೊಡಬಾರದು. ರಕ್ತ ತೆಳುವಾಗಿಸುವ ಮಾತ್ರೆ, ಫಿಟ್ಸ್ ಮಾತ್ರೆ ತಪ್ಪಿದರೆ ಕೂಡಲೇ ಡಾಕ್ಟರಿಗೆ ಹೇಳಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯದು. ದಿನವೂ ಕೊಟ್ಟು ಪ್ರಾಣ ಹೋದದ್ದುಂಟು. ಹಾಳೆಯಲ್ಲಿ ‘ಭಾನುವಾರ ಮಾತ್ರ’ ಎಂದು ದಪ್ಪಕ್ಷರದಲ್ಲಿ ವಾರದ ಹೆಸರು ಬರೆದು, ಸ್ಟ್ರಿಪ್ಪನ್ನು ಬೇರೆ ಡಬ್ಬಿಯಲ್ಲಿಟ್ಟು, ಆ ಒಂದು ಮಾತ್ರೆಯನ್ನು ಮನೆಯವರೇ ಕೊಡಿ.