ರೊಮ್ನಿ ಯಾವ ಕಡೆಯವರು?

ಹಾಸನದ ಹಿರಿಯ ಓದುಗರೊಬ್ಬರು ನ್ಯೂಜೆರ್ಸಿಯಿಂದ ಪತ್ರ ಬರೆದಿದ್ದಾರೆ. ಮಗಳ ಬಾಣಂತನಕ್ಕೆ ಹೆಂಡತಿ ಜೊತೆ ಹೋಗಿ ಐದು ತಿಂಗಳಾಯಿತಂತೆ. ಅಲ್ಲಿ ಚರ್ಚೆ 2012ರಲ್ಲಿ ಡೆಮಾಕ್ರಟಿಕ್ ಪಕ್ಷದ ಬರಾಕ್ ಒಬಾಮ ವಿರುದ್ಧ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತ ರಿಪಬ್ಲಿಕನ್ ಪಕ್ಷದ ಮಿಟ್ ರೊಮ್ನಿ ಬಗ್ಗೆ. ಕನ್ಸರ್ವೇಟಿವ್‌ಗಳು ಹೆಚ್ಚಾಗಿ ರಿಪಬ್ಲಿಕನ್ ಪಕ್ಷದಲ್ಲಿ, ಲಿಬರಲ್‌ಗಳು ಡೆಮಾಕ್ರಟಿಕ್ ಪಕ್ಷದಲ್ಲಿ. ಪತ್ರದ ಮುಖ್ಯ ಭಾಗ ಹೀಗಿದೆ: “ಭಾನುವಾರ ಅಳಿಯನ ಗೆಳೆಯರು ಊಟಕ್ಕೆ ಬರುತ್ತಾರೆ. ಮಾತು ರಾಜಕೀಯಕ್ಕೆ ಹೊರಳಿತೆಂದರೆ ಬಿಸಿಬೇಳೆಬಾತ್ ತಟ್ಟೆಯಲ್ಲೇ ಆರಿಹೋಗುತ್ತದೆ. ಮಿಟ್ ರೊಮ್ನಿ ಪಕ್ಕಾ ಕನ್ಸರ್ವೇಟಿವ್ ಎಂದು ಅಳಿಯ, ಅಲ್ಲ, ಒಳಗೊಳಗೆ ಲಿಬರಲ್ ಎಂದು ಅವನ ಗೆಳೆಯ. ನಿಮ್ಮ ಪತ್ರಿಕೆ ರೊಮ್ನಿ ಅವರನ್ನು ಸಂಪ್ರದಾಯವಾದಿ ಎಂದೂ ಒಬಾಮ ಅವರನ್ನು ಉದಾರವಾದಿ ಎಂದೂ ಬರೆಯುತ್ತದೆ. ಯಾರು ಎಷ್ಟು ಅಂತ ತೂಗುವುದಕ್ಕೆ ಒಂದು ತಕ್ಕಡಿ ಇಲ್ಲವೇ?”

ಮಾನ್ಯರೇ,

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ‘ಉದಾರವಾದಿ’ ಎಂಬ ಪದ ನಿಮ್ಮ ದಾರಿ ತಪ್ಪಿಸಿದೆ. 1991ರಲ್ಲಿ ನಮ್ಮಲ್ಲಿ ಉದಾರೀಕರಣ ಬಂತು ಅಂದಾಗ ಅದರ ಅರ್ಥ ಏನಿತ್ತು? ಲೈಸೆನ್ಸು, ಪರ್ಮಿಟ್ಟು ಕಡಿಮೆಯಾಗಲಿ, ವ್ಯಾಪಾರದಲ್ಲಿ ಸರ್ಕಾರ ಕೈಯಾಡಿಸುವುದು ಬೇಡ ಎಂದು. ಅಮೆರಿಕದಲ್ಲಿ ಹೀಗೆ ಮಾತಾಡುವವರು ಕನ್ಸರ್ವೇಟಿವ್‌ಗಳು! ಅಲ್ಲಿ ಲಿಬರಲ್ ಅಂದರೆ ಬಡವರಿಗೆ, ಆರೋಗ್ಯಕ್ಕೆ ಸರ್ಕಾರ ಜಾಸ್ತಿ ಖರ್ಚು ಮಾಡಲಿ, ಉಳ್ಳವರು ಜಾಸ್ತಿ ತೆರಿಗೆ ಕಟ್ಟಲಿ ಎನ್ನುವವರು. ಒಂದೇ ಬೇರಿನ ಪದ, ಅರ್ಥ ಮಾತ್ರ ತಿರುವುಮುರುವು. ಇನ್ನು ಸಂಪ್ರದಾಯವಾದಿ ಅಂದರೆ ನಮ್ಮ ಕಣ್ಣಿಗೆ ಕಾಣುವುದು ಮಡಿ, ಮೈಲಿಗೆ, ಪಂಚಾಂಗ. ತೆರಿಗೆ ಇಳಿಸಿ ಎಂದು ಕೇಳುವ ಕಾರ್ಖಾನೆ ಮಾಲೀಕನಿಗೂ ಅದಕ್ಕೂ ಸಂಬಂಧವೇ ಇಲ್ಲ, ಅಲ್ವಾ? ಹಾಗಾಗಿ ಈ ಉತ್ತರದಲ್ಲಿ ಅಲ್ಲಿನವರ ಪದಗಳನ್ನೇ ಇಟ್ಟುಕೊಳ್ಳುತ್ತೇನೆ.

ತಕ್ಕಡಿ ಇದೆಯೇ ಎಂದು ಕೇಳಿದ್ದೀರಿ. ಇದೆ, ಒಂದಲ್ಲ, ಹಲವು. ಲಿಬರಲ್‌ಗಳ ಸಂಘವೊಂದು 1947ರಲ್ಲಿ ಹುಟ್ಟಿತು. ಸೆನೆಟರ್‌ಗಳು, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯವರು, ಯಾವ ಮಸೂದೆಗೆ ಹೇಗೆ ಮತ ಹಾಕಿದರು ಎಂದು ನೋಡಿ ಅದು 100ಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಕನ್ಸರ್ವೇಟಿವ್‌ಗಳ ಸಂಘವೂ ಹಾಗೇ ಕೊಡುತ್ತದೆ. ಆದರೆ ಅಂಕ ನಂಬಿ ಕೂತರೆ ಮೋಸ ಹೋಗುತ್ತೀರಿ. ‘ನ್ಯಾಷನಲ್ ಜರ್ನಲ್’ ಎಂಬ ಪತ್ರಿಕೆ 2007ರ ಮತಗಳನ್ನು ಲೆಕ್ಕ ಹಾಕಿ, ಸೆನೆಟ್‌ನಲ್ಲಿ ಎಲ್ಲರಿಗಿಂತ ಲಿಬರಲ್ ಬರಾಕ್ ಒಬಾಮ ಎಂದಿತು. ತನ್ನನ್ನು ಸೋಷಿಯಲಿಸ್ಟ್ ಎಂದೇ ಕರೆದುಕೊಳ್ಳುವ ಬರ್ನಿ ಸ್ಯಾಂಡರ್ಸ್ ಅದೇ ಸೆನೆಟ್‌ನಲ್ಲಿದ್ದರು! ಒಬಾಮ ಆ ವರ್ಷ ಪ್ರಚಾರಕ್ಕೆ ಊರೂರು ಸುತ್ತುತ್ತಿದ್ದರು, ಎಷ್ಟೋ ಮತಗಳಿಗೆ ಅವರು ಹಾಜರೇ ಇರಲಿಲ್ಲ. ಹಾಕಿದಷ್ಟು ಮತಗಳ ಮೇಲೆ ಬಂದ ಪಟ್ಟ ಅದು. ಸ್ಯಾಂಡರ್ಸ್ ಕೂಡ ಎಲ್ಲದರಲ್ಲೂ ಒಂದೇ ಕಡೆ ನಿಂತವರಲ್ಲ. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಗೆ 1993ರಲ್ಲಿ ಬಂದ, ಲಿಬರಲ್‌ಗಳು ಬೆಂಬಲಿಸಿದ ಬ್ರೇಡಿ ಮಸೂದೆಗೆ ಅವರು ವಿರುದ್ಧ ಮತ ಹಾಕಿದ್ದರು. ಅವರ ವರ್ಮಾಂಟ್ ಬೇಟೆಗಾರರ ನಾಡು. 2016ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಅವರೊಡನೆ ಸ್ಪರ್ಧಿಸಿದ ಹಿಲರಿ ಕ್ಲಿಂಟನ್ ಅದನ್ನೇ ಹಿಡಿದು ಜಗ್ಗಿದರು.

ರೊಮ್ನಿ ವಿಷಯದಲ್ಲಿ ಈ ತಕ್ಕಡಿಯೂ ಕೆಲಸಕ್ಕೆ ಬರುವುದಿಲ್ಲ. ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅವರು ಸೆನೆಟರ್ ಅಲ್ಲ, ಮ್ಯಾಸಚೂಸೆಟ್ಸ್‌ನ ಮಾಜಿ ಗವರ್ನರ್. ಅಲ್ಲಿ ಗವರ್ನರ್ ಅಂದರೆ ಜನ ಆರಿಸಿದವರು, ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಆಳುವವರು. ಗವರ್ನರ್ ಮತ ಹಾಕುವುದಿಲ್ಲ, ಸಹಿ ಹಾಕುತ್ತಾರೆ. ಹಾಗಾದರೆ ಆ ಸಹಿಯನ್ನೇ ನೋಡೋಣ.

2006ರ ಏಪ್ರಿಲ್ 12, ಬಾಸ್ಟನ್ನಿನ ಫ್ಯಾನ್ಯುಯಲ್ ಹಾಲ್. ರಾಜ್ಯದ ಬಹುತೇಕ ಎಲ್ಲರೂ ಆರೋಗ್ಯ ವಿಮೆ ಮಾಡಿಸಲೇಬೇಕು, ಕೈಯಲ್ಲಿ ಆಗದವರಿಗೆ ಸರ್ಕಾರ ನೆರವು ಕೊಡಬೇಕು ಎಂಬ ಕಾನೂನಿಗೆ ರೊಮ್ನಿ ಅಂದು ಸಹಿ ಹಾಕಿದರು. ಕೆಲವು ಕಲಮುಗಳನ್ನು ವೀಟೊ ಮಾಡಿದರು ನಿಜ, ಆದರೆ ಮೂಲ ಕಾನೂನನ್ನು ತನ್ನದೇ ಸಾಧನೆ ಎಂದು ಎತ್ತಿ ಹಿಡಿದರು. ಆ ವೇದಿಕೆಯಲ್ಲಿ ಲಿಬರಲ್‌ಗಳ ಹಿರಿಯ ಟೆಡ್ ಕೆನಡಿಯೂ ಇದ್ದರು. 1994ರಲ್ಲಿ ಇದೇ ಕೆನಡಿ ವಿರುದ್ಧ ನಿಂತು ರೊಮ್ನಿ ಸೋತಿದ್ದರು. ಆಗಿನ ಚರ್ಚೆಯಲ್ಲಿ, ರಿಪಬ್ಲಿಕನ್ ಅಧ್ಯಕ್ಷರಾದ ರೇಗನ್ ಮತ್ತು ಬುಷ್ ಕಾಲದಲ್ಲಿ ತಾನು ಯಾವ ಪಕ್ಷಕ್ಕೂ ಸೇರಿರಲಿಲ್ಲ ಎಂದಿದ್ದರು.

ಅಳಿಯನ ಗೆಳೆಯ ಹೇಳುವುದು ಈ ರೊಮ್ನಿಯನ್ನು. ಆದರೆ ವಿಮೆ ಕಡ್ಡಾಯ ಎಂಬ ಆಲೋಚನೆ ಬಂದದ್ದು ಎಲ್ಲಿಂದ? 1989ರಲ್ಲಿ ಅದನ್ನು ಮುಂದಿಟ್ಟದ್ದು ಹೆರಿಟೇಜ್ ಫೌಂಡೇಷನ್, ಕನ್ಸರ್ವೇಟಿವ್‌ಗಳ ಚಿಂತಕರ ಚಾವಡಿ! ದುಡಿಯುವವನು ತನ್ನ ವಿಮೆ ತಾನೇ ಮಾಡಿಸಲಿ, ಆಸ್ಪತ್ರೆ ಬಿಲ್ಲನ್ನು ಊರಿನವರ ತಲೆಗೆ ಕಟ್ಟುವುದು ಬೇಡ ಎಂಬ ವಾದ ಅದು. ಒಬಾಮ ಅದೇ ಕಡ್ಡಾಯವನ್ನು ತನ್ನ ಆರೋಗ್ಯ ವಿಮೆಯ ಕಾನೂನಿಗೆ ಸೇರಿಸಿಕೊಂಡರು. 2010ರ ಮಾರ್ಚ್‌ನಲ್ಲಿ ಕೆಳಮನೆಯಲ್ಲಿ ಮತಕ್ಕೆ ಬಂದಾಗ ಒಬ್ಬ ರಿಪಬ್ಲಿಕನ್ನರೂ ಪರವಾಗಿ ಹಾಕಲಿಲ್ಲ. ಕನ್ಸರ್ವೇಟಿವ್‌ಗಳ ಮನೆಯಲ್ಲಿ ಹುಟ್ಟಿದ ಕೂಸು ಇಪ್ಪತ್ತೊಂದು ವರ್ಷದಲ್ಲಿ ಲಿಬರಲ್‌ಗಳ ಗುರುತಾಯಿತು. ರೊಮ್ನಿ ಹಾಕಿದ ಸಹಿ ಹಾಕಿದಲ್ಲೇ ಇತ್ತು, ಗೆರೆ ಮಾತ್ರ ಸರಿದುಬಿಟ್ಟಿತ್ತು.

ಅಳಿಯ ಕಂಡದ್ದು 2012ರ ರೊಮ್ನಿಯನ್ನು. ಆ ಫೆಬ್ರವರಿಯಲ್ಲಿ ಕನ್ಸರ್ವೇಟಿವ್‌ಗಳ ದೊಡ್ಡ ಸಮಾವೇಶದಲ್ಲಿ ಅವರು ತಾನೊಬ್ಬ ಕಟ್ಟಾ ಕನ್ಸರ್ವೇಟಿವ್ ಗವರ್ನರ್ ಆಗಿದ್ದೆ ಎಂದರು. ಹೀಗೇಕೆ ಎಂದರೆ, ಪ್ರೈಮರಿ ಅಂದರೆ ಪಕ್ಷದೊಳಗಿನ ಚುನಾವಣೆ. ಎಷ್ಟೋ ರಾಜ್ಯಗಳಲ್ಲಿ ಆ ಪಕ್ಷಕ್ಕೆ ಹೆಸರು ಕೊಟ್ಟವರಿಗೆ ಮಾತ್ರ ಅಲ್ಲಿ ಮತ. ಬರುವವರು ಕಡಿಮೆ, ಬಂದವರು ಪಕ್ಷದ ಕಟ್ಟಾಳುಗಳು. ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಮಾತ್ರ ನಡುವೆ ನಿಂತವರ ಮತವೂ ಬೇಕು. ಪ್ರೈಮರಿಯಲ್ಲಿ ಇಷ್ಟು ಬಲಕ್ಕೆ ಹೋದರೆ ಆಮೇಲೆ ಕಷ್ಟ ಆಗುವುದಿಲ್ಲವೇ ಎಂದು ಟೀವಿಯಲ್ಲಿ ಕೇಳಿದಾಗ ರೊಮ್ನಿಯ ಸಲಹೆಗಾರರೊಬ್ಬರು ‘ಎಚ್ ಎ ಸ್ಕೆಚ್’ ಆಟಿಕೆಯ ಹೋಲಿಕೆ ಕೊಟ್ಟರು. ಕೆಂಪು ಚೌಕಟ್ಟಿನ ಪುಟ್ಟ ಹಲಗೆ ಅದು. ಗುಂಡಿ ತಿರುಗಿಸಿದರೆ ಗೆರೆ ಮೂಡುತ್ತದೆ, ಅಲ್ಲಾಡಿಸಿದರೆ ಸ್ಲೇಟು ಒರೆಸಿದ ಹಾಗೆ ಎಲ್ಲ ಮಾಯ. ಎದುರಾಳಿಗಳಾದ ಸ್ಯಾಂಟೋರಮ್, ಗಿಂಗ್ರಿಚ್ ಇಬ್ಬರೂ ಆ ಆಟಿಕೆಯನ್ನು ಕೈಯಲ್ಲಿ ಹಿಡಿದೇ ಭಾಷಣ ಮಾಡಿದರು.

ಕನ್ಸರ್ವೇಟಿವ್‌ಗಳು ರೇಗನ್ ಹೆಸರು ಹೇಳಿ ಎಲ್ಲರನ್ನೂ ಅಳೆಯುತ್ತಾರಲ್ಲ, ಆ ರೇಗನ್ನರ ಸಹಿಗಳನ್ನೂ ನೋಡಬೇಕು. ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ 1967ರಲ್ಲಿ ತೆರಿಗೆ ಏರಿಸಿದರು, ಗರ್ಭಪಾತದ ಕಾನೂನು ಸಡಿಲಿಸಿದರು. ಅಧ್ಯಕ್ಷರಾಗಿ 1986ರಲ್ಲಿ ಸಹಿ ಹಾಕಿದ ಕಾನೂನಿನಿಂದ ದಾಖಲೆಯಿಲ್ಲದೆ ಬಂದಿದ್ದ ಸುಮಾರು 27 ಲಕ್ಷ ಜನರಿಗೆ ನೆಲೆ ಸಿಕ್ಕಿತು.

ಸಹಿಯೇ ಇಲ್ಲದವರನ್ನು ಹೇಗೆ ಅಳೆಯುವುದು? ಟ್ರಂಪ್ 2016ರಲ್ಲಿ ಹಾಗೆ ಬಂದರು. 1999ರಲ್ಲಿ ಗರ್ಭಪಾತದ ಹಕ್ಕಿನ ಪರ ಮಾತಾಡಿದ್ದವರು, ಇವರು ನಮ್ಮವರೇ ಅಲ್ಲ ಎಂದು ಕನ್ಸರ್ವೇಟಿವ್ ಪತ್ರಿಕೆಯೊಂದು ಇಡೀ ಸಂಚಿಕೆಯನ್ನೇ ಅವರ ವಿರುದ್ಧ ತಂದಿತು. 2016ರ ಮೇ ತಿಂಗಳಲ್ಲಿ ಅವರು ಸುಪ್ರೀಂ ಕೋರ್ಟಿಗೆ ಯಾವ ಕನ್ಸರ್ವೇಟಿವ್ ನ್ಯಾಯಾಧೀಶರನ್ನು ಪರಿಗಣಿಸುತ್ತೇನೆ ಎಂಬ ಪಟ್ಟಿ ಕೊಟ್ಟರು. ಮುಂದೆ ಮೂವರನ್ನು ನೇಮಿಸಿದರು. 2022ರಲ್ಲಿ ಆ ಮೂವರ ಮತವೂ ಸೇರಿ ಗರ್ಭಪಾತದ ಹಕ್ಕಿನ 1973ರ ತೀರ್ಪು ಬಿದ್ದುಹೋಯಿತು. ಹಳೆಯ ಸಂದರ್ಶನ ಕೆದಕುತ್ತ ಕೂತವರಿಗಿಂತ ಆ ಪಟ್ಟಿ ಓದಿದ ಮತದಾರರೇ ಅವರನ್ನು ಸರಿಯಾಗಿ ಅಳೆದರು ಎಂದು ನನಗೆ ಅನ್ನಿಸುತ್ತದೆ.

ಭಾನುವಾರ ಮತ್ತೆ ಮಾತು ಬಂದರೆ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ಯಾವ ವರ್ಷದ ರೊಮ್ನಿ, ಯಾವ ವಿಷಯದಲ್ಲಿ? ಸುಮ್ನೆ ಕೂಗಾಡುವುದಾದರೂ ತಪ್ಪುತ್ತದೆ, ಊಟ ಬಿಸಿಯಿರುವಾಗಲೇ ಮುಗಿಯುತ್ತದೆ. ನಾವೂ ಮುಂದಿನ ಸಂಚಿಕೆಯಿಂದ ಅಮೆರಿಕದ ಅಭ್ಯರ್ಥಿಗಳ ಹೆಸರಿನ ಹಿಂದೆ ‘ಉದಾರವಾದಿ’, ‘ಸಂಪ್ರದಾಯವಾದಿ’ ಎಂದು ಅಂಟಿಸುವುದಿಲ್ಲ. ಯಾವ ಕಾನೂನಿಗೆ ಮತ ಹಾಕಿದರು, ಯಾವುದಕ್ಕೆ ಸಹಿ ಹಾಕಿದರು ಎಂದು ಬರೆಯುತ್ತೇವೆ.

ಬಾಣಂತಿಗೂ ಕೂಸಿಗೂ ನಮ್ಮ ಬಳಗದ ಶುಭ ಹಾರೈಕೆ.

– ಸಂಪಾದಕ